ಮುಟ್ಟಿಸದ ಸುದ್ದಿಯ ಗಂಟು

"ಅಕ್ಷರ ಸಣ್ಣಾಗೈತೆ ಕಣಮ್ಮ. ಬಾಯಾಗೇ ಒಂದ್ಸಲ ಅಂದ್ಬುಡಿ."

"ಇಷ್ಟು ದಪ್ಪಕ್ಕೆ ಬರೆದಿದ್ದೀನಲ್ಲ, ಕದರಪ್ಪನವರೇ!"

"ಬರ್ದಿದ್ದೀರಿ, ಯಾರಿಲ್ಲ ಅಂದೋರು? ಮುತ್ತು ಪೋಣಿಸ್ದಂಗೈತೆ. ಆದ್ರೂ ನೀವ್ ಬಾಯಾಗಂದ್ರೆ ನಂಗೆ ಕಾಗ್ದ ಬೇಗ ಸಿಕ್ತದೆ."

ಕಿಟಕಿಯ ಕಬ್ಬಿಣದ ಸರಳುಗಳ ಸಂದಿಯಿಂದ ಚೀಟಿ ವಾಪಸ್ ಬಂತು. ನೋಡಿಕೊಂಡೆ: ಬಸ್ಸಿನಲ್ಲಿ ಕೂತು ಅವಸರದಲ್ಲಿ ಗೀಚಿದ್ದು, ಇಡೀ ಚೀಟಿ ಇಂಗ್ಲಿಷಿನಲ್ಲಿತ್ತು! ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಕೈ, ನನ್ನನ್ನು ಕೇಳದೆಯೇ ಆ ಕಡೆಗೆ ವಾಲುತ್ತದೆ. ನಾಚಿಕೆಯಾಗಿ, "ಪುರವರ ಹೋಬಳಿ, ಐವತ್ತೊಂಬತ್ತನೇ ಇಸವಿ, ಗೊಲ್ಲರ ಹಟ್ಟಿ ಸ್ಥಳಾಂತರದ ಫೈಲು" ಎಂದು ಬಾಯಲ್ಲೇ ಹೇಳಿದೆ. "ಅಂಗನ್ನಿ ಮತ್ತೆ" ಎಂದು ಕದರಪ್ಪನವರು ಒಳಗಿನ ಕತ್ತಲೆಗೆ ಹೋದರು. ಇಂಗ್ಲಿಷ್ ಚೀಟಿ ನೋಡಿದವರು 'ಇದು ಇಂಗ್ಲಿಷು' ಅನ್ನಬೇಕಿತ್ತು, 'ಅಕ್ಷರ ಸಣ್ಣಾಗೈತೆ' ಎಂದಲ್ಲ. ಆ ಹೊತ್ತಿಗೆ ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಎಂಬತ್ನಾಲ್ಕನೇ ಇಸವಿಯ ಜನವರಿ. ಮಧುಗಿರಿಯಲ್ಲಿ ಆ ದೊಡ್ಡ ಬೋಳು ಬಂಡೆಯ ಬುಡಕ್ಕೆ ಒತ್ತಿಕೊಂಡಂತಿರುವ ಒಂದು ಹಳೇ ಕಚೇರಿ. ಯಾವುದೆಂದು ಹೇಳುವುದು ಬೇಡ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಕಡೆಯ ಹಳೆಯ ಕಾಗದ ಕೊನೆಗೆ ಬಂದು ಬೀಳುವುದು ಅದರ ಹಿಂಭಾಗದ ರೆಕಾರ್ಡ್ ರೂಮಿಗೆ. ನಾನು ಬೆಂಗಳೂರಿನಲ್ಲಿ ಬಿ.ಎ. ಎರಡನೇ ವರ್ಷ, ಹಿಸ್ಟರಿ. ನಮ್ಮ ಪ್ರೊಫೆಸರ್ ಜಯರಾಮಯ್ಯನವರು ಕುರಿ ಸಾಕುವ ಗೊಲ್ಲರ ಹಟ್ಟಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಫೈಲು ನೋಡಿ ನೋಟ್ಸ್ ತರುವುದು, ಹಳಬರು ಸಿಕ್ಕರೆ ಟೇಪ್ ರೆಕಾರ್ಡರ್ ಹಿಡಿದು ಮಾತಾಡಿಸುವುದು ನನ್ನ ಕೆಲಸ. ಕೊರಟಗೆರೆಯಲ್ಲಿ ಅತ್ತೆ ಮನೆ ಇದ್ದದ್ದರಿಂದ ಈ ಕೆಲಸ ನನಗೆ ಬಿತ್ತು, ಬಿದ್ದದ್ದಕ್ಕೆ ನಾನು ಹಾಸ್ಟೆಲಿನಲ್ಲಿ ಕುಣಿದಾಡಿದ್ದೆ.

ರೆಕಾರ್ಡ್ ರೂಮಿನ ಒಳಕ್ಕೆ ಹೊರಗಿನವರು ಹೋಗುವಂತಿಲ್ಲ. ಹಿಂದಿನ ಜಗುಲಿಯಲ್ಲಿ ಕೂತು ಕಿಟಕಿಯ ಮೂಲಕ ಕಾಗದ ಇಸಕೊಂಡು ನೋಡಬೇಕು. ಅದಕ್ಕೆ ಪರ್ಮಿಷನ್ ಕೊಟ್ಟವರು ರೆಕಾರ್ಡ್ ಕೀಪರ್ ಸಂಜೀವಯ್ಯನವರು. (ಅವರ ಹೆಸರು ಬದಲಿಸಿದ್ದೇನೆ, ಅದು ಅವರ ಷರತ್ತು. ಕದರಪ್ಪನವರು ಮಾತ್ರ ತಮ್ಮ ಹೆಸರನ್ನು ಹಾಗೇ ಇಡು ಅಂದರು.) ಹನ್ನೆರಡೂವರೆಗೆ ಸಂಜೀವಯ್ಯನವರು ಊಟಕ್ಕೆ ಹೊರಡುತ್ತಾರೆ, ಊಟ ಮುಗಿಸಿ ಕೋರ್ಟಿಗೆ ಫೈಲು ಒಯ್ದರೆ ನಾಲ್ಕು ಗಂಟೆ. ಹೊರಡುವಾಗ ಬಾಗಿಲಿಗೆ ಬೀಗ. ಬೀಗದ ಒಳಗೆ ಕದರಪ್ಪ.

ಮೊದಲ ದಿನ ನನಗೆ ನಂಬಲಾಗಲಿಲ್ಲ. ಯಾವುದೋ ಕಾಲದಲ್ಲಿ ಒಂದು ಕಾಗದ ಕಳುವಾಯಿತಂತೆ. ಆಮೇಲೆ ಎರಡು ರೂಲು ಬಂದವು: ಕೀಪರ್ ಇಲ್ಲದಾಗ ರೂಮು ತೆರೆದಿರಬಾರದು, ಯಾವಾಗಲೂ ರೂಮಿನಲ್ಲಿ ಒಬ್ಬ ಅಟೆಂಡರ್ ಇರಬೇಕು. ಎರಡನ್ನೂ ಒಟ್ಟಿಗೆ ಪಾಲಿಸಬೇಕೆಂದರೆ ಮನುಷ್ಯನನ್ನು ಒಳಗಿಟ್ಟು ಬೀಗ ಹಾಕುವುದೊಂದೇ ದಾರಿ.

"ಉಸಿರು ಕಟ್ಟಲ್ವಾ?" ಅಂತ ಕೇಳಿದ್ದೆ.

"ಮೂವತ್ತೊಂದು ವರ್ಸ ಆಯ್ತು, ಇನ್ನೇನ್ ಕಟ್ಟೀತು? ಜೈಲಾಗಿರೋನ್ಗೆ ತಾನ್ ಏನ್ ಮಾಡ್ದೆ ಅನ್ನೋದಾದ್ರೂ ಗೊತ್ತಿರ್ತದೆ. ನಂಗೆ ಅದೂ ಗೊತ್ತಿಲ್ಲ" ಅಂತ ನಕ್ಕಿದ್ದರು. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿದೆ, ಖಾಕಿ ಶರಟಿನ ಮೊದಲ ಗುಂಡಿ ಇಲ್ಲ. ಬೆರಳುಗಳು ಮಾತ್ರ ನೋಡುವಂತಿದ್ದವು: ಉದ್ದಕ್ಕೆ, ತೆಳ್ಳಗೆ, ಸುಮ್ಮನೆ ಕೂತಾಗಲೂ ಏನನ್ನೋ ಹೊಸೆಯುತ್ತಿದ್ದವು.

ಆ ಮಂಗಳವಾರ, ನನ್ನ ಮೂರನೇ ಭೇಟಿ. ಕರೆಂಟು ಹೋಗಿತ್ತು. ಪುರವರದ ಫೈಲು ತರಲು ಕದರಪ್ಪನವರು ಕತ್ತಲೆಗೆ ಹೋದಾಗ, ಪಾಪ ಕಾಣಲಿಕ್ಕಿಲ್ಲ ಎಂದು ನಾನು ಬ್ಯಾಗಿನಿಂದ ಟಾರ್ಚ್ ತೆಗೆದು ಕಿಟಕಿಯಿಂದ ಬೆಳಕು ಬಿಟ್ಟೆ. ನೆಲದಿಂದ ಮಾಡಿನವರೆಗೆ ಬಸ್ತಾಗಳು, ಅಂದರೆ ಕೆಂಪು ಬಟ್ಟೆಯಲ್ಲಿ ಸುತ್ತಿ ದಾರ ಬಿಗಿದ ಕಾಗದದ ಹೊರೆಗಳು. ಸಾವಿರಾರು. ಎಲ್ಲದರ ದಾರದ ತುದಿಯೂ ಹೊರಗೆ ಇಳಿಬಿದ್ದಿದೆ. ಕದರಪ್ಪನವರು ಕಣ್ಣು ಮುಚ್ಚಿಕೊಂಡಿದ್ದರು! ಬೆರಳು ಆ ತುದಿಗಳ ಮೇಲೆ ಹರಿದುಕೊಂಡು ಹೋಗುತ್ತಿತ್ತು, ಜಪಸರ ಎಣಿಸಿದ ಹಾಗೆ. ಒಂದು ಕಡೆ ನಿಂತಿತು. ಎಳೆದರು. ಅದೇ ಫೈಲು.

ನನಗೆ ಎಷ್ಟು ಖುಷಿಯಾಯಿತೆಂದರೆ ಯೋಚನೆ ಮಾಡದೆ ಕೂಗಿಬಿಟ್ಟೆ: "ಅಯ್ಯೋ ಕದರಪ್ಪನವರೇ, ಲೇಬಲ್ಲೆಲ್ಲ ಗೋಡೆ ಕಡೆಗಿವೆ! ನೀವು ಲೇಬಲ್ ನೋಡೋದೇ ಇಲ್ವಾ?"

ಬಸ್ತಾ ಎದೆಗವುಚಿಕೊಂಡು ಅವರು ನಿಂತಲ್ಲೇ ನಿಂತರು. ಟಾರ್ಚಿನ ಬೆಳಕಿನಲ್ಲಿ ಮುಖ ನೋಡಿ ನನ್ನ ನಗು ನಿಂತುಹೋಯಿತು. ಇಂಗ್ಲಿಷ್ ಚೀಟಿ ಆಗ ನೆನಪಿಗೆ ಬಂತು.

"ಬೆಳಕ್ ತೆಗೀರಮ್ಮ" ಎಂದರು. ನಾನು ತೆಗೆದೆ. ಅವರು ಕಿಟಕಿಯ ಹತ್ತಿರ ಬಂದು, ಬಸ್ತಾವನ್ನು ಕೆಳಗಿಟ್ಟು, ಬಾಗಿಲಿನ ಕಡೆ ಒಂದು ಸಲ ತಿರುಗಿ ನೋಡಿದರು, ಬೀಗ ಹೊರಗಿದೆ ಎನ್ನುವುದು ಮರೆತವರ ಹಾಗೆ.

"ಯಾರ್ ತಾವಾನೂ ಅಂದಿಲ್ಲ ನಾನು. ನನ್ ಹೆಂಡ್ರು ದಾಸಮ್ಮಂಗೆ ಗೊತ್ತು, ಮೊಮ್ಮಗಳಿಗೆ ಗೊತ್ತು, ಅಷ್ಟೇಯ. ನಂಗೆ ಓದಾಕ್ ಬರಾಕಿಲ್ಲ ಕಣಮ್ಮ."

ನಮ್ಮಿಬ್ಬರ ನಡುವೆ ಕಿಟಕಿಯ ಹಲಗೆಯ ಮೇಲೆ ಟೇಪ್ ರೆಕಾರ್ಡರ್ ಓಡುತ್ತಲೇ ಇತ್ತು. ಸ್ವಲ್ಪ ಮುಂಚೆ ಅವರ ಊರಿನ ಕಥೆ ಕೇಳಲೆಂದು ಹಾಕಿದ್ದೆ. ಇಬ್ಬರಿಗೂ ಮರೆತುಹೋಗಿತ್ತು.

ಅವರ ಊರು ಪಾವಗಡದ ಆ ಕಡೆ, ನಾಗಲಮಡಿಕೆಯ ಹತ್ತಿರ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಇಸ್ಕೂಲಿನಲ್ಲಿ ಅವರ ಕೇರಿಯ ಹುಡುಗರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕಿಟಕಿಯ ಹೊರಗೆ ಕೂತು ಕೇಳಬೇಕು. ಮಗ್ಗಿ ಬಂತು, ಪದ್ಯ ಬಂತು, ಕೇಳಿದ್ದೆಲ್ಲ ಬಂತು. ಬೋರ್ಡು ಮಾತ್ರ ಆ ಕಿಟಕಿಯಿಂದ ಕಾಣುತ್ತಿರಲಿಲ್ಲ.

"ಐವತ್ಮೂರ್ನೇ ಇಸ್ವೀಲಿ ಇಲ್ಲಿ ಹೊರೆ ಎತ್ತೋ ಆಳು ಬೇಕು ಅಂದ್ರು. ಸಾಹೇಬ್ರು ಕೇಳಿದ್ರು, 'ಓದಾಕ್ ಬತ್ತದೇನ್ಲಾ?' ಅಂತ. ಇಲ್ಲ ಅಂದ್ರೆ ಕಳಿಸ್ತಾರಲ್ಲ? ಹೂಂ ಅಂದ್ಬುಟ್ಟೆ. 'ಎಷ್ಟ್ನೇ ಕ್ಲಾಸು?' ನಾಕು ಅಂದೆ. ನಾಕ್ ವರ್ಸ ಇಸ್ಕೂಲ್ ತಾವ ಕುಂತಿದ್ದು ಸುಳ್ಳಾ? ಬರ್ಕೊಂಡ್ರು. ಅವತ್ತು ಬಿದ್ದ ಗಂಟು ಅದು, ಇವತ್ತಿಗೂ ಬಿಚ್ಚಾಕಾಗಿಲ್ಲ."

ಹೆಸರು ಬರೆಯುವುದನ್ನು ರಂಗೋಲಿ ಕಲಿತ ಹಾಗೆ ಕಲಿತರು, ಒಂದು ಗೀಟು ಆ ಕಡೆ, ಒಂದು ಸೊನ್ನೆ ಈ ಕಡೆ. ಆಗಿನ ಕೀಪರ್ ಮಹಾಲಿಂಗಯ್ಯನವರಿಗೆ ಒಂದು ಅಭ್ಯಾಸವಿತ್ತು: ಪ್ರತಿ ಬಸ್ತಾವನ್ನು ಎತ್ತಿ ಕೊಡುವಾಗ, "ಇದು ಪುರವರ, ಇದು ನಾಗಲಮಡಿಕೆ" ಎಂದು ಬಾಯಿಬಿಟ್ಟು ಓದಿ ಕೊಡುತ್ತಿದ್ದರು. ಕದರಪ್ಪನವರು ಅದನ್ನು ಕಿವಿಯಲ್ಲಿ ಹಿಡಿದು ದಾರದಲ್ಲಿ ಕಟ್ಟಿದರು. ಪುರವರಕ್ಕೆ ಕುರಿ ಕಟ್ಟುವ ಗಂಟು. ನಾಗಲಮಡಿಕೆಗೆ ಮಡಿಕೆಯ ಕಂಠಕ್ಕೆ ಹಾಕುವ ಕುಣಿಕೆ. ಸಿರಾ ಕಡೆಯದಕ್ಕೆ ಜಟಕಾ ಕುದುರೆಯ ಲಗಾಮಿನ ಗಂಟು, ಅದನ್ನು ಸಿರಾ ಬಸ್ ಸ್ಟ್ಯಾಂಡಿನ ಒಬ್ಬ ಜಟಕಾ ಸಾಬರ ಹತ್ತಿರ ಕಲಿತದ್ದು. ಕೊರಟಗೆರೆಗೆ ದಾಸಮ್ಮ ಹೂ ಕಟ್ಟುವ ಗಂಟು. ಅದರ ಕೆಳಗೆ ಇಸವಿಗೆ ಸಣ್ಣ ಗಂಟುಗಳು. ಮಹಾಲಿಂಗಯ್ಯನವರು ರಿಟೈರ್ ಆಗುವ ಹೊತ್ತಿಗೆ ಇಡೀ ರೂಮು ಕದರಪ್ಪನವರ ಬೆರಳಿಗೆ ಬಂದಿತ್ತು. ಆಮೇಲೆ ಬಂದ ಕೀಪರುಗಳೆಲ್ಲ 'ಕದರಪ್ಪನಷ್ಟು ಬೇಗ ಯಾರೂ ಲೇಬಲ್ ಓದಲ್ಲ' ಎಂದು ಹೊಗಳಿದರು.

"ಬೀಗ ಹಾಕ್ಕೊಂಡ್ ಹೋದಾಗ್ಲೇ ನಂಗೆ ನಿರಾಳ. ಬಾಗ್ಲು ತೆಗೆದ್ರೇ ಭಯ. ಯಾರ್ ಬಂದು ಏನ್ ಓದು ಅಂತಾರೋ ಅಂತ."

ಈಗ ಆ ಭಯ ತಾರೀಖು ಹಾಕಿಕೊಂಡು ಬಂದಿತ್ತು. ಜಿಲ್ಲೆಯಿಂದ ಆರ್ಡರ್: ಹಳೇ ದಾರಗಳನ್ನೆಲ್ಲ ಕತ್ತರಿಸಿ, ಬಿಳಿ ಟೇಪು ಕಟ್ಟಿ, ನಂಬರ್ ಹಾಕಿ, ಪಟ್ಟಿ ಮಾಡಬೇಕು. ಮುಂದಿನ ಬುಧವಾರ ಶುರು. ಸಂಜೀವಯ್ಯನವರು ಆಗಲೇ ಹೇಳಿದ್ದರು: "ನೀನು ಒಂದೊಂದೇ ಲೇಬಲ್ ಓದ್ತಾ ಹೋಗು ಕದರಪ್ಪ, ನಾನು ಬರ್ಕೊಳ್ತಾ ಹೋಗ್ತೀನಿ." ಕದರಪ್ಪನವರಿಗೆ ಮಾರ್ಚಿ ಮೂವತ್ತೊಂದಕ್ಕೆ ರಿಟೈರು. ಮೂವತ್ತೊಂದು ವರ್ಷ ದಾಟಿಸಿಕೊಂಡು ಬಂದದ್ದು ಎರಡು ತಿಂಗಳಿರುವಾಗ ಬೀಳುತ್ತದೆ. 'ಸುಳ್ಳು ಬರೆಸಿದವನು' ಎಂದು ಕಚೇರಿಯ ಎಲ್ಲರ ಬಾಯಲ್ಲಿ ಅನ್ನಿಸಿಕೊಂಡು ಹೊರಗೆ ಹೋಗುವುದು.

"ಕಾಯ್ಲೆ ಅಂತ ರಜಾ ಹಾಕ್ಲಾ ಅಂದ್ಕೊಂಡೆ. ನಾನಿಲ್ದಾಗ ದಾರ ಕತ್ತರಿಸ್ಬುಟ್ರೆ? ಇದ್ರೂ ಸಿಕ್ಕಾಕ್ಕೊಂಡೆ, ಹೋದ್ರೂ ಸಿಕ್ಕಾಕ್ಕೊಂಡೆ."

"ದಾರ ಹೋದರೆ ಹೋಗಲಿ ಬಿಡಿ, ನಂಬರ್ ಇರುತ್ತಲ್ಲ?" ಎಂದೆ.

ಅವರು ಪುರವರದ ಬಸ್ತಾ ಎತ್ತಿ ಸರಳಿನ ಹತ್ತಿರ ಹಿಡಿದು, ದಾರದ ತುದಿಯ ಕೊನೆಯಲ್ಲಿ, ಮಿಕ್ಕ ಗಂಟುಗಳಿಂದ ದೂರದಲ್ಲಿ, ಒಂದು ಪುಟ್ಟ ಗಂಟು ತೋರಿಸಿದರು. ರಾಗಿ ಕಾಳಿನಷ್ಟು. "ಇದ್ನ ಮುಟ್ ನೋಡಿ. ಇಂಥವು ಅರವತ್ತೊಂದವೆ."

ಅವರ ಅಪ್ಪ ಸಣ್ಣರಂಗಯ್ಯ ಊರಿನ ತೋಟಿ. ಯಾರಾದರೂ ಸತ್ತರೆ ನೆಂಟರಿರುವ ಊರೂರಿಗೆ ನಡೆದು ಹೋಗಿ ಸುದ್ದಿ ಮುಟ್ಟಿಸುವ ಕೆಲಸ. ಹೊರಡುವಾಗ ಉಡಿದಾರದಲ್ಲಿ ಊರಿಗೊಂದು ಗಂಟು ಹಾಕಿಕೊಳ್ಳುತ್ತಿದ್ದರಂತೆ. ಸುದ್ದಿ ಹೇಳಿದ ಮೇಲೆ ಆ ಊರಿನ ಅಗಸೆಬಾಗಿಲಲ್ಲೇ ಆ ಗಂಟು ಬಿಚ್ಚಬೇಕು. ಬಿಚ್ಚದ ಗಂಟು ಕಟ್ಟಿಕೊಂಡು ಮನೆಗೆ ಬಂದರೆ ಸತ್ತವರು ಹಿಂದೆಯೇ ಬರುತ್ತಾರೆ ಎಂದು ಅಜ್ಜಿ ಒಳಕ್ಕೆ ಬಿಡುತ್ತಿರಲಿಲ್ಲ.

"ಇಲ್ಲಿ ವಿಚಾರಣೆ ಮುಗಿಸ್ಕೊಂಡು ಬಂದೋರು ಈ ಹಿಂದ್ಗಡೆ ಜಗುಲಿ ಮೇಲೆ ಕುಂತು ಅತ್ಕೊಂಡ್ ಹೋಗೋರು. ಒಳಗೆ ಹೇಳಾಕ್ ಆಗದೇ ಇದ್ದುದ್ನ ಇಲ್ಲಿ ಹೇಳೋರು. ಕಾಗ್ದ ಒಂದು ಹೇಳ್ತದೆ, ಜಗುಲಿ ಒಂದು ಹೇಳ್ತದೆ. ಕಾಗ್ದ ನನ್ ಕೈಗೇ ಬರೋದಲ್ವಾ, ಅಂಥದ್ಕೆ ಒಂದ್ ಗಂಟು ಹಾಕ್ಬುಡ್ತಿದ್ದೆ. ಸುದ್ದಿ ಐತೆ, ಇನ್ನೂ ಮುಟ್ಸಿಲ್ಲ ಅಂತ. ಯಾರಿಗ್ ಮುಟ್ಸಾನ? ಯಾರೂ ಕೇಳ್ನಿಲ್ಲ."

ಸರಳಿನ ಸಂದಿಯಿಂದ ಕಾಗದ ಇಸಕೊಂಡೆ. ಫೈಲು ಬಿಚ್ಚಿದೆ. ಕನ್ನಡ ಕೈಬರಹ ನಾನು ಓದುವುದು ಎತ್ತಿನ ಗಾಡಿಯ ವೇಗದಲ್ಲಿ, ಆದರೆ ಈ ಸಾಲು ನನಗೆ ಆಗಲೇ ಬಾಯಿಪಾಠವಾಗಿತ್ತು, ಏಕೆಂದರೆ ಪ್ರೊಫೆಸರ್ ಇದರ ಮೇಲೆಯೇ ಒಂದು ಚಾಪ್ಟರ್ ಕಟ್ಟಿದ್ದರು: 'ಸದರಿ ಹಟ್ಟಿಯ ಹತ್ತೊಂಬತ್ತು ಮನೆಯವರು ಸ್ವಇಚ್ಛೆಯಿಂದ ಜಾಗ ಖಾಲಿ ಮಾಡಿರುತ್ತಾರೆ.' ಕೆಳಗೆ ಹತ್ತೊಂಬತ್ತು ಹೆಸರು, ಹತ್ತೊಂಬತ್ತು ಹೆಬ್ಬೆಟ್ಟು. ಯಾವುದೋ ಕೃಷಿ ಫಾರಂ ಮಾಡಲು ಆ ಜಾಗ ಬೇಕಾಗಿತ್ತು. ನಾನು ಗಟ್ಟಿಯಾಗಿ ಓದಿದೆ.

"ಹತ್ತೊಂಬತ್ತಲ್ಲ, ಹನ್ನೆರಡು" ಎಂದರು ಕದರಪ್ಪ.

"ಇಲ್ಲಿ ಹತ್ತೊಂಬತ್ತು ಇದೆ."

"ಬರ್ದಿರ್ಲಿ. ಬಂದಿದ್ದು ಹನ್ನೆರ್ಡು ಮನೇರು. ಹುಣಸೆಹಣ್ಣು ಬಡಿಯೋ ಕಾಲ. ಈ ಬೇವಿನ ಮರದಡೀಲಿ ಸಾಲಾಗ್ ನಿಂತಿದ್ರು, ನಾನೇ ಇಂಕಿನ ಪ್ಯಾಡ್ ಹಿಡ್ಕೊಂಡಿದ್ದೆ."

ತಾರೀಖು ನೋಡಿದೆ: ಮಾರ್ಚಿ ಹದಿನಾಲ್ಕು. ಹುಣಸೆಯ ಕಾಲವೇ! ಹಾಗಾದರೆ ಹನ್ನೆರಡು? ಹೆಬ್ಬೆಟ್ಟುಗಳನ್ನು ಒಂದೊಂದಾಗಿ ನೋಡತೊಡಗಿದೆ, ಕಾಗದವನ್ನು ಕಣ್ಣಿಗೆ ಒತ್ತಿಕೊಂಡು. ನಾಲ್ಕನೆಯದರಲ್ಲಿ ಅಡ್ಡಕ್ಕೆ ಒಂದು ಬಿಳಿ ಗೀಟು, ಗಾಯದ ಗುರುತು. ಏಳನೆಯದರಲ್ಲೂ ಅದೇ ಗೀಟು. ಒಂಬತ್ತರಲ್ಲಿ, ಹತ್ತರಲ್ಲಿ. ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ, ತಪ್ಪಿತೆಂದು ಮತ್ತೆ ಹಾಕಿದೆ. ಆ ಗಾಯದ ಹೆಬ್ಬೆಟ್ಟು ಎಂಟು ಸಲ ಇತ್ತು. ಮಿಕ್ಕವು ಹನ್ನೊಂದು. ಒಟ್ಟು ಹೆಬ್ಬೆಟ್ಟು ಒತ್ತಿದ ಮನುಷ್ಯರು ಹನ್ನೆರಡು ಜನ!

ಜಗುಲಿಯ ಮೇಲೆ ಎದ್ದು ನಿಂತು "ಹನ್ನೆರಡೇ ಕದರಪ್ಪನವರೇ, ಹನ್ನೆರಡೇ!" ಎಂದೆ.

"ಅದೇ ಅಂದಿದ್ದಲ್ವೇನಮ್ಮ ನಾನು. ಆ ಗಾಯ ಬೋರಪ್ಪಂದು, ಹಟ್ಟಿ ಯಜಮಾನ. ಹುಲ್ಲು ಕುಯ್ಯೋ ಕುಡ್ಲು ತಾಗಿ ಆಗಿದ್ದು. ಅವನ್ ಕೈ ಹಿಡ್ಕೊಂಡು ಒತ್ತಿಸ್ತಾ ಇದ್ರು. ಪ್ಯಾಡ್ ನನ್ ಕೈಯಾಗೇ ಇತ್ತು" ಎಂದು ತಮ್ಮ ಅಂಗೈ ನೋಡಿಕೊಂಡರು. "ಆಮ್ಯಾಕೆ ಭೀಮಕ್ಕ ಅಂತ, ಅವನ್ ತಂಗಿ, ಇಲ್ಲಿ ಬಂದು ಕುಂತ್ಲು. ನಮ್ ಜೊತೆ ಮಾತಾಡೋ ಕಾಲ ಅಲ್ಲ ಅದು. ನನ್ ಮಕ ನೋಡ್ದಲೇ ಬೇವಿನ ಮರಕ್ ಹೇಳಿದ್ಲು. 'ಹಟ್ಟಿ ಬೇಲಿ ಒಳಕ್ಕೆ ನಮ್ಮೋರೇ ಕೆರ ಮೆಟ್ಟಾಕಿಲ್ಲ ಕಣಪ್ಪ ಮರವೇ. ಕಂಟ್ರಾಕ್ಟರ್ ಕಡೇರು ಬೂಟ್ಸ್ ಹಾಕ್ಕೊಂಡ್ ಬಂದ್ರು. ಬೇಲಿಗೆ ಬೆಂಕಿ ಇಕ್ಕಿದ್ರು. ಏಳು ಮನೇರು ಕುರಿ ಹೊಡ್ಕೊಂಡು ಸಿರಾ ಕಡೀಕ್ ಹೋಗ್ಬುಟ್ರು, ಎಲ್ಲವ್ರೋ ಗೊತ್ತಿಲ್ಲ. ಅವರ ಹೆಬ್ಬೆಟ್ಟನ್ನೂ ನಮ್ಮಣ್ಣನ ಬೆಳ್ಳಲ್ಲೇ ತಕ್ಕೊಂಡ್ರು.' ಮರಕ್ಕಂದಿದ್ದು ನನ್ ಕಿವಿಗ್ ಬಿತ್ತು."

ಹೇಳಿ ಮುಗಿಸಿ, ಆ ರಾಗಿ ಕಾಳಿನಂಥ ಗಂಟನ್ನು ಉಗುರಿನಿಂದ ಬಿಡಿಸಿದರು. ಇಪ್ಪತ್ತೈದು ವರ್ಷದ ಗಂಟು, ಬಿಗಿದಿತ್ತು. ಹಲ್ಲಿನಲ್ಲಿ ಕಚ್ಚಿ ಸಡಿಲ ಮಾಡಬೇಕಾಯಿತು. ಬಿಚ್ಚಿದ ಜಾಗದಲ್ಲಿ ದಾರ ಬಿಳುಪಾಗಿತ್ತು.

ಒಬ್ಬರ ನೆನಪಿನಲ್ಲಿದ್ದ ಹನ್ನೆರಡು, ಫೈಲಿನಲ್ಲಿದ್ದ ಹತ್ತೊಂಬತ್ತು. ಎರಡೂ ಬೇಕಾಗಿತ್ತು, ಒಂದು ಇಲ್ಲದೆ ಇನ್ನೊಂದು ಮೂಕ. ಈ ಏಳು ಮನೆಗಳನ್ನು ಹುಡುಕಲು ಈಗ ಹೆಸರೂ ಇದೆ, ದಿಕ್ಕೂ ಇದೆ. ಇದನ್ನೆಲ್ಲ ಪ್ರೊಫೆಸರಿಗೆ ಹೇಳಬೇಕೆಂಬ ಆತುರದಲ್ಲಿ, ರೆಕಾರ್ಡ್ ಆಗಿದೆಯೋ ಇಲ್ಲವೋ ನೋಡೋಣವೆಂದು ಟೇಪನ್ನು ಹಿಂದಕ್ಕೆ ಓಡಿಸಿ ಒತ್ತಿದೆ. ವಾಲ್ಯೂಮು ಪೂರ್ತಿ ಇತ್ತು. ಎಲ್ಲಿಗೆ ಬಂದು ನಿಂತಿತೆಂದರೆ—

"...ಮೊಮ್ಮಗಳಿಗೆ ಗೊತ್ತು, ಅಷ್ಟೇಯ. ನಂಗೆ ಓದಾಕ್ ಬರಾಕಿಲ್ಲ ಕಣಮ್ಮ."

ಕೋರ್ಟಿನ ಕೆಲಸ ಮುಂದಕ್ಕೆ ಹೋಗಿತ್ತಂತೆ. ಸಂಜೀವಯ್ಯನವರು ಆಗಲೇ ಬೀಗ ತೆಗೆದು ಬಾಗಿಲಲ್ಲಿ ನಿಂತಿದ್ದರು.

ನ್ಯಾಷನಲ್ ಹೈವೇಯ ಮೇಲೆ ಲಾರಿ ಕಂಡ ಮೊಲದ ಹಾಗೆ ನನ್ನ ಬೆರಳು ಬಟನ್ನಿನ ಮೇಲೆ ನಿಂತುಬಿಟ್ಟಿತು. ಟೇಪು ಓಡುತ್ತಲೇ ಇತ್ತು, ಪಾವಗಡದ ಇಸ್ಕೂಲು, ಕಿಟಕಿ, ನಾಕನೇ ಕ್ಲಾಸು.

"ಆಫ್ ಮಾಡ್ರೀ" ಎಂದರು ಸಂಜೀವಯ್ಯ. ಮಾಡಿದೆ. ಅವರು ಕದರಪ್ಪನವರ ಕಡೆ ತಿರುಗಿದರು. "ನಿಜಾನಾ?"

ಇಲ್ಲ ಅನ್ನಬಹುದಿತ್ತು. ಬೆಂಗಳೂರಮ್ಮನಿಗೆ ತಮಾಷೆಗೆ ಹೇಳಿದೆ ಸ್ವಾಮಿ ಅನ್ನಬಹುದಿತ್ತು, ನಾನೂ ತಲೆಯಾಡಿಸುತ್ತಿದ್ದೆ.

"ನಿಜ ಸಾಮಿ."

"ಮತ್ತೆ ಎರಡು ವರ್ಷದಿಂದ ನಾನು ಟೇಬಲ್ ಮೇಲೆ ಚೀಟಿ ಬರೆದಿಟ್ಟು ಹೋಗ್ತಿದ್ದೆನಲ್ಲೋ, ಅದನ್ನೆಲ್ಲ ಏನ್ ಮಾಡ್ತಿದ್ದೆ?"

"ಮನೇಗ್ ತಕ್ಕೊಂಡ್ ಹೋಗ್ತಿದ್ದೆ. ಮೊಮ್ಮಗಳು ಓದಿ ಹೇಳೋಳು. ಬೆಳಿಗ್ಗೆ ಬಂದು ಮಾಡ್ತಿದ್ದೆ."

"ಅದಕ್ಕೇನಾ ಅರ್ಜೆಂಟ್ ಅಂತ ಬರೆದಿದ್ದೂ ಮಾರನೇ ದಿನವೇ ಆಗ್ತಿದ್ದಿದ್ದು!" ಎಂದು ಸಂಜೀವಯ್ಯನವರು ಸ್ಟೂಲಿನ ಮೇಲೆ ಕುಸಿದು ಕೂತರು. ಅವರಿಗೆ ಸಿಟ್ಟು ಬಂದಿತ್ತು, ಆದರೆ ಅದು ಎಲ್ಲಿ ಹೋಗಬೇಕೆಂದು ತಿಳಿಯದೆ ರೂಮಿನೊಳಗೇ ಸುತ್ತುತ್ತಿತ್ತು. "ಪ್ರತಿ ವರ್ಷ ನಿನ್ನ ರಿಪೋರ್ಟಲ್ಲಿ ಏನು ಬರೀತೀನಿ ಗೊತ್ತಾ? 'ಓದು ಬರಹ ಬಲ್ಲವರು, ದಕ್ಷರು.' ನನ್ನ ಸೈನು. ಪ್ರಮೋಷನ್ನಿಗೆ ಬರೆದೆ, ನೀನು ಬೇಡ ಅಂದೆ, ಸೋಮಾರಿ ಅಂತ ಬೈದೆ. ಈಗ ಇದು ಹೊರಗೆ ಬಂದರೆ ನೀನೊಬ್ಬನೇ ಅಲ್ಲ, ನಾನೂ ಸಿಕ್ಕಿಹಾಕ್ಕೊಂಡೆ." ನನ್ನ ಕಡೆ ತಿರುಗಿದರು. "ಅದನ್ನ ಅಳಿಸ್ರೀ. ಇಲ್ಲೇ, ನನ್ನ ಕಣ್ಣೆದುರಿಗೆ. ಅದರ ಮೇಲೆ ಏನಾದ್ರೂ ಹಾಡು ಹಾಡಿ."

"ಸಾರ್, ಅದೇ ಸೈಡಲ್ಲಿ ಭೀಮಕ್ಕನ ಕಥೆ ಇದೆ."

"ಅಷ್ಟು ಇಟ್ಕೊಳ್ಳಿ. ಮೊದಲಿಂದು ಅಳಿಸಿ."

 ಮೊದಲಿನದು ಅಳಿಸಿದರೆ ಪ್ರೊಫೆಸರ್ ಕೇಳುವ ಮೊದಲ ಪ್ರಶ್ನೆಯೇ: ಇದು ಇವರಿಗೆ ಹೇಗೆ ಗೊತ್ತು, ಇಪ್ಪತ್ತೈದು ವರ್ಷ ಹೇಗೆ ನೆನಪಿತ್ತು? ಗಂಟಿನ ಮಾತಿಲ್ಲದೆ ಭೀಮಕ್ಕನ ಮಾತು ನಿಲ್ಲುವುದಿಲ್ಲ. ಗಂಟಿನ ಮಾತು ಇಟ್ಟರೆ ಕದರಪ್ಪನವರು ನಿಲ್ಲುವುದಿಲ್ಲ. ಅದನ್ನೇ ತೊದಲುತ್ತಾ ಹೇಳಿದೆ. ಹೇಳುತ್ತಲೇ ಅಳಿಸಲು ಬೆರಳು ಕೆಂಪು ಬಟನ್ನಿನ ಮೇಲಿಟ್ಟೆ, ಏಕೆಂದರೆ ಹೋಗುವುದು ನನ್ನ ಸರ್ವಿಸ್ ಅಲ್ಲ, ನನ್ನ ಮರ್ಯಾದೆಯಲ್ಲ.

ಸರಳುಗಳ ಆ ಕಡೆಯಿಂದ ಕದರಪ್ಪನವರ ಕೈ ಬಂದು ಟೇಪ್ ರೆಕಾರ್ಡರಿನ ಮೇಲೆ ಮಲಗಿತು.

"ಬ್ಯಾಡಮ್ಮ. ಸಾಮಿ, ನಮ್ಮಪ್ಪ ಸುದ್ದಿ ಹೇಳ್ಬುಟ್ಟು, ನಾನ್ ಹೇಳೇ ಇಲ್ಲ, ನೀವ್ ಕೇಳೇ ಇಲ್ಲ ಅಂತ ಒಂದಿನಾನೂ ವಾಪಸ್ ಬಂದೋನಲ್ಲ. ಸುದ್ದಿ ಹೇಳೋವಾಗ ಸತ್ತೋರ್ ಯಾರು ಅನ್ಬೇಕು, ತಂದೋನ್ ಯಾರು ಅಂತ್ಲೂ ಅನ್ಬೇಕು. ಯಾವ್ದೋ ಊರು, ಯಾರೋ ಅಂದ್ರು ಅಂದ್ರೆ ಯಾರ್ ಹೆಣಕ್ಕೆ ಹೊರಡ್ತಾರೆ? ನನ್ ಮಾತು ತೆಗೆದ್ಬುಟ್ರೆ ಭೀಮಕ್ಕನ್ ಮಾತೂ ಸತ್ತಂಗೆ."

"ನಿನ್ನ ಮರ್ಯಾದೆ?"

"ಅದ್ಕೂ ಒಂದ್ ದಾರಿ ಐತೆ. ಮಾರ್ಚಿ ಮೂವತ್ತೊಂದರ್ಗಂಟ ಇದು ಯಾರ್ ಕಿವಿಗೂ ಬೀಳ್ಬಾರ್ದು. ಪ್ರೊಫೆಸರ್ಗೂವೆ. ಆಮ್ಯಾಕೆ ನಾನು ಅಟೆಂಡರಲ್ಲ, ಬರೀ ಕದರಪ್ಪ. ಓದಾಕ್ ಬರಾಕಿಲ್ಲ ಅಂದ್ರೆ ಬರಾಕಿಲ್ಲ. ಯಾರಿಗೇನು?" ಸಂಜೀವಯ್ಯನವರನ್ನು ನೋಡಿ, "ನಿಮ್ ಹೆಸ್ರು ಬ್ಯಾಡ ಅಂದ್ರೆ ಬ್ಯಾಡ" ಎಂದರು.

ಕಾಗದ, ಕ್ಯಾಸೆಟ್ಟು, ಯಾವುದನ್ನೇ ಆಗಲಿ 'ಇಂಥ ದಿನದವರೆಗೆ ತೆರೆಯಬಾರದು' ಎಂದು ಇಡುವ ಪದ್ಧತಿ ದೊಡ್ಡ ದೊಡ್ಡ ಆರ್ಕೈವ್‌ಗಳಲ್ಲಿ ಇದೆ ಅಂತ ನಮಗೆ ಕ್ಲಾಸಿನಲ್ಲಿ ಒಂದು ಇಡೀ ಪೀರಿಯಡ್ ಪಾಠ ಮಾಡಿದ್ದರು. ಕದರಪ್ಪನವರಿಗೆ ಅದು ಎರಡು ನಿಮಿಷದಲ್ಲಿ ಹೊಳೆದಿತ್ತು.

ಸಂಜೀವಯ್ಯನವರು ಎದ್ದು ಹೋಗಿ ಒಂದು ಸಾಲಿನ ದಾರದ ತುದಿಗಳನ್ನು ಮುಟ್ಟಿ ನೋಡಿದರು. ಒಂದು ಗಂಟು ಹಿಡಿದು, "ಇದು?" ಎಂದರು.

"ಕೊರಟಗೆರೆ. ನಲವತ್ತೇಳು."

ಬಸ್ತಾ ತಿರುಗಿಸಿ ಲೇಬಲ್ ಓದಿಕೊಂಡರು. ಇನ್ನೊಂದು ಹಿಡಿದರು. ಮತ್ತೊಂದು. ಆಮೇಲೆ ಓದುವುದನ್ನೇ ಬಿಟ್ಟರು.

"ಬುಧವಾರ ನಾನೇ ಓದ್ತೀನಿ, ನಾನೇ ಬರ್ಕೊಳ್ತೀನಿ. ನೀನು ಎತ್ತಿ ಕೊಡು ಸಾಕು. ಆದರೆ ದಾರ ಕತ್ತರಿಸಲೇಬೇಕು ಕದರಪ್ಪ, ಆರ್ಡರ್ ಆಗಿದೆ. ಅದಕ್ಕೆ ನಾನೇನೂ ಮಾಡೋಕಾಗಲ್ಲ." ನನಗೆ ಹೇಳಿದರು: "ಅದರ ಮೇಲೆ ತಾರೀಖು ಬರೀರಿ. ಕನ್ನಡದಲ್ಲಿ."

ಕ್ಯಾಸೆಟ್ಟಿನ ಮೇಲೆ, ಸೊಟ್ಟ ಅಕ್ಷರದಲ್ಲಿ, 'ಮಾರ್ಚಿ 31ರ ತನಕ ಕೇಳಬಾರದು' ಎಂದು ಬರೆದು, ಇಬ್ಬರಿಗೂ ಕೇಳುವಂತೆ ಓದಿದೆ. ಸಂಜೀವಯ್ಯನವರು ಗಡಿಯಾರ ನೋಡಿಕೊಂಡು, ತುಮಕೂರಿನ ಟಪಾಲು ಹೊರಡುವ ಮೊದಲು ಮುಂದಿನ ಆಫೀಸಿಗೆ ಹೋಗಬೇಕೆಂದು ಎದ್ದರು. ಬಾಗಿಲಲ್ಲಿ ಬೀಗ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತರು. ಕದರಪ್ಪನವರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಆಮೇಲೆ ಬಾಗಿಲು ಎಳೆದುಕೊಂಡರು. ಬೀಗ ಬಿದ್ದ ಸದ್ದು ಕೇಳಿಸಿತು.

"ರೂಲು ರೂಲೇಯ" ಎಂದರು ಕದರಪ್ಪ, ಯಾರನ್ನೂ ಬೈಯದೆ.

ಅವರು ಆಗಲೇ ಕೆಲಸ ಶುರು ಮಾಡಿದ್ದರು. ಗಂಟು ಮುಟ್ಟಿ ಮುಟ್ಟಿ ಬಸ್ತಾಗಳನ್ನು ಎಳೆದು, ಕಿಟಕಿಯ ಕೆಳಗಿನ ಮೂಲೆಗೆ ಒಟ್ಟುತ್ತಿದ್ದರು. ಕತ್ತರಿ ಬಾಗಿಲ ಕಡೆಯಿಂದ ಬರುತ್ತದೆ. ಈ ಮೂಲೆಗೆ ಬರುವಷ್ಟರಲ್ಲಿ ಹದಿನೈದು ದಿನವಾದರೂ ಆಗುತ್ತದೆ ಎಂದು ಅವರ ಲೆಕ್ಕ.

"ಇನ್ನೂ ಅರವತ್ತಿವೆ, ಒಂದು ದಿನಕ್ಕೆ ಎಷ್ಟು ಹೇಳೋಕಾಗುತ್ತೆ?" ಎಂದು ಕೇಳಿದೆ.

"ನೀವ್ ನಡುಮಧ್ಯೆ ಎದ್ದು ಕುಣೀದೆ ಇದ್ರೆ ಐದು. ಕುಣಿದ್ರೆ ಮೂರು."

ಕುಣಿಯುವುದಿಲ್ಲ ಎಂದು ಮಾತು ಕೊಟ್ಟೆ. ಬರುವ ಮಂಗಳವಾರದಿಂದ ದಿನವೂ ಕೊರಟಗೆರೆಯಿಂದ ಏಳೂಕಾಲಿನ ಬಸ್ಸಿಗೇ ಹೊರಡುವುದು, ಆರು ಕ್ಯಾಸೆಟ್ಟು, ಎರಡು ಜೊತೆ ಸೆಲ್ಲು. ಸಂಜೀವಯ್ಯನವರು ಊಟಕ್ಕೆ ಹೋಗುವ ಮೊದಲೇ ಜಗುಲಿಯಲ್ಲಿರಬೇಕು. ಯಾವುದರಿಂದ ಶುರು ಎಂದು ಕೇಳಿದ್ದಕ್ಕೆ, ಮಡಿಕೆಯ ಕುಣಿಕೆಯಿದ್ದ ಒಂದು ಬಸ್ತಾವನ್ನು ಎಲ್ಲಕ್ಕಿಂತ ಮೇಲೆ ಇಟ್ಟರು.

"ನಾಗಲಮಡಿಕೆ. ಗಿರಿಯಮ್ಮ ಅಂತ ಒಬ್ರ ಸುದ್ದಿ. ಉದ್ದಕೈತೆ, ಬುತ್ತಿ ಕಟ್ಕೊಂಡ್ ಬನ್ನಿ."